ಉಪಯೋಗ ಇಲ್ಲ ಸಾರ್

ಅವಳು: ಇನ್ನೊಂದ್ಸಲ ಕೇಳ್ತೀನಿ, ಸರಿಯಾಗಿ ಉತ್ತರ ಕೊಡಿ. ನಿಮ್ಮ ಪದವಿಯಿಂದ ನಿಮಗೆ ಏನಾದ್ರೂ ಉಪಯೋಗ ಆಗಿದೆಯಾ?

ನಾನು: ನೋಡಿ ಸಾರ್, ಉಪಯೋಗ ಅನ್ನೋ ಮಾತನ್ನ ನೀವು ಯಾವ ಅರ್ಥದಲ್ಲಿ ಕೇಳ್ತಿದ್ದೀರಿ ಅನ್ನೋದರ ಮೇಲೆ—

ಅವಳು: ಮುಗೀತು! ಹೋಯ್ತು ನಮ್ಮ ಸಾಲ ಮನ್ನಾ! ಎಷ್ಟು ಸಲ ಬಡ್ಕೋಬೇಕು ನಿಮಗೆ?

ಇಸ್ತ್ರಿ ಮೇಜಿನ ಆಚೆ ಬದಿ ಬ್ಯಾಂಕಿನ ಅಧಿಕಾರಿಯಾಗಿ ಕೂತಿದ್ದವಳು ನನ್ನ ಹೆಂಡತಿ. ಈಚೆ ಬದಿ ಅರ್ಜಿದಾರನಾಗಿ ನಿಂತಿದ್ದವನು ನಾನು. ನಡುವೆ ಯಾರದೋ ಅರ್ಧ ಇಸ್ತ್ರಿಯಾದ ಪ್ಯಾಂಟು. ನಮ್ಮದು ಲಾಂಡ್ರಿ. ನಾನು ಓದಿದ್ದು ತರ್ಕಶಾಸ್ತ್ರದಲ್ಲಿ ಎಂ.ಎ. ಎರಡಕ್ಕೂ ಏನು ಸಂಬಂಧ ಎಂದು ಗಿರಾಕಿಗಳು ಕೇಳುತ್ತಾರೆ. ಸಂಬಂಧವಿದೆ. ಓದಲು ಮಾಡಿದ ಸಾಲ ತೀರಿಸೋಣವೆಂದು ಲಾಂಡ್ರಿ ಹಾಕಿದೆ, ಲಾಂಡ್ರಿಯಲ್ಲಿ ಬಂದದ್ದು ಬಡ್ಡಿಗೂ ಸಾಲಲಿಲ್ಲ. ನಾನು ಇದ್ದಲ್ಲೇ ಇದ್ದೆ, ಸಾಲ ಮಾತ್ರ ಚೆನ್ನಾಗಿ ಬೆಳೆಯಿತು.

ಈಗ ಸರ್ಕಾರಕ್ಕೆ ನಮ್ಮಂಥವರ ಮೇಲೆ ಕರುಣೆ ಬಂದಿತ್ತು. ಸಾಲ ಮಾಡಿ ಓದಿ, ಆ ಓದಿನಿಂದ ಏನೂ ಉಪಯೋಗವಾಗದವರ ಸಾಲವೆಲ್ಲ ಮನ್ನಾ. ಆದರೆ ಉಪಯೋಗವಾಗಿಲ್ಲ ಎಂಬುದನ್ನು ಸಾಲಗಾರನೇ ಬ್ಯಾಂಕಿಗೆ ಬಂದು, ಅಧಿಕಾರಿಯ ಮುಂದೆ ಕೂತು ಸಾಬೀತು ಮಾಡಬೇಕು. ಸಾಬೀತು ಮಾಡುವುದು! ನಾನು ಓದಿದ್ದೇ ಅದನ್ನು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಯಾರೋ ನನ್ನ ಓದಿಗೆ ತಕ್ಕ ಕೆಲಸ ಕೊಟ್ಟಿದ್ದರು. ನನಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು. ಹೆಂಡತಿಗೆ ಅದೇ ಭಯವಾಗಿತ್ತು.

ನಾನು: ಅಲ್ವೇ, ಸಾಬೀತು ಮಾಡು ಅಂದ ಮೇಲೆ ವಾದ ಮಾಡ್ಬೇಕು ತಾನೆ? ಚೆನ್ನಾಗಿ ವಾದ ಮಾಡಿದ್ರೆ ತಾನೆ ಮನ್ನಾ ಆಗೋದು?

ಅವಳು: ನೀವು ಚೆನ್ನಾಗಿ ವಾದ ಮಾಡಿದ್ರೆ ಆ ಮನುಷ್ಯ ಏನಂತಾನೆ ಹೇಳಿ. 'ಓಹೋ, ಓದು ಚೆನ್ನಾಗೇ ಕೆಲಸಕ್ಕೆ ಬಂದಿದೆಯಲ್ಲ, ಕಟ್ಟಪ್ಪ ಸಾಲ' ಅಂತಾನೆ.

ನಾನು: ಹಾಗಾದ್ರೆ ಕೆಟ್ಟದಾಗಿ ವಾದ ಮಾಡ್ಲಾ?

ಅವಳು: ಕೆಟ್ಟದಾಗಿ ಮಾಡಿದ್ರೆ 'ನೀನು ಸರಿಯಾಗಿ ಓದೇ ಇಲ್ಲ, ತಪ್ಪು ನಿಂದು, ಕಟ್ಟು ಸಾಲ' ಅಂತಾನೆ.

ನಾನು: ಆಹಾ! ಆ ಕಡೆ ಹೋದ್ರೂ ಸಿಕ್ಕಿಹಾಕ್ಕೋತೀವಿ, ಈ ಕಡೆ ಹೋದ್ರೂ ಸಿಕ್ಕಿಹಾಕ್ಕೋತೀವಿ. ಇದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಹೆಸರಿದೆ ಕಣೇ, ತಾಳು, ನೆನಪು ಮಾಡ್ಕೋತೀನಿ...

ಅವಳು: ರೀ, ನನ್ನ ಕೈಲಿ ಇಸ್ತ್ರಿ ಪೆಟ್ಟಿಗೆ ಇದೆ. ಕಾದಿದೆ.

ನಾನು ನೆನಪು ಮಾಡಿಕೊಳ್ಳುವುದನ್ನು ಬಿಟ್ಟೆ.

ಅವಳು: ಕೇಳಿ. ನೀವು ವಾದನೂ ಮಾಡ್ಬೇಡಿ, ವಿವರಣೆನೂ ಕೊಡ್ಬೇಡಿ. ಅವರು ಏನೇ ಕೇಳ್ಲಿ, 'ಉಪಯೋಗ ಇಲ್ಲ ಸಾರ್' ಅಂತ ಅಷ್ಟೇ ಹೇಳಿ. ಅದಕ್ಕೆ ಹಿಂದೆ ಏನೂ ಇಲ್ಲ, ಮುಂದೆ ಏನೂ ಇಲ್ಲ. ಹೇಳಿ ನೋಡೋಣ.

ನಾನು: ಉಪಯೋಗ ಇಲ್ಲ ಸಾರ್. ಯಾಕಂದ್ರೆ—

ಅವಳು: ಯಾಕಂದ್ರೆ ಬೇಡ!

ನಾನು: ಕಾರಣ ಇಲ್ಲದೆ ತೀರ್ಮಾನ ಹೇಳೋದು ನನ್ನ ಕೈಲಿ ಆಗಲ್ಲ ಮಾರಾಯ್ತಿ. ಮೈ ತುರಿಸೋ ಹಾಗಾಗುತ್ತೆ.

ಅವಳು: ತುರಿಸ್ಕೊಳ್ಳಿ, ಬಾಯಿ ಬಿಡ್ಬೇಡಿ. ಮಗಳ ಮುಖ ನೆನಪಿಟ್ಕೊಳ್ಳಿ. ಇವತ್ತು ಬ್ಯಾಂಕ್ ಬಾಗಿಲು ಹಾಕೋದರೊಳಗೆ ಅವಳ ಫೀಸಿನ ಸಾಲ ಮಂಜೂರಾಗ್ಬೇಕು. ಇಲ್ಲಾಂದ್ರೆ ಬಂದಿರೋ ಸೀಟು ಬೇರೆಯವರ ಪಾಲು. ನಿಮ್ಮ ಹಳೇ ಸಾಲ ಇರೋ ತನಕ ಈ ಮನೆಗೆ ಹೊಸ ಸಾಲ ಕೊಡಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದಾರೆ.

ನಾನು: ಗೊತ್ತು ಕಣೇ. ಲೆಕ್ಕಪತ್ರದ ಕೋರ್ಸು ತಾನೆ? ಓದ್ಲಿ ಪಾಪ. ಮನೇಲಿ ಒಬ್ಬರಾದ್ರೂ ಕೆಲಸಕ್ಕೆ ಬರೋದನ್ನ ಓದ್ಲಿ.

ಅವಳು ಪ್ಯಾಂಟಿನ ಗೆರೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೀಡಿದಳು.

ಅವಳು: ಹೂಂ. ಏನೋ ಒಂದು ಓದ್ತಾಳೆ. ನೀವು ಆ ಸರ್ಟಿಫಿಕೇಟು ಇಳಿಸಿ, ಮೂಲ ಪ್ರತಿ ತರ್ಬೇಕಂತೆ.

ನನ್ನ ಪದವಿ ಪ್ರಮಾಣಪತ್ರ ಇಸ್ತ್ರಿ ಮೇಜಿನ ಮೇಲ್ಗಡೆ ಗೋಡೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಅಂಗಡಿ ಶುರು ಮಾಡಿದ ದಿನ ನಾನೇ ಹೆಮ್ಮೆಯಿಂದ ಹಾಕಿದ್ದು. ಅಂದಿನಿಂದ ಊರವರ ಅಂಗಿ ಚಡ್ಡಿಗಳ ಹಬೆ ಕುಡಿದು ಕುಡಿದು ಕಾಗದ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಎಳೆದರೆ ವಿಶ್ವವಿದ್ಯಾಲಯದ ಮುದ್ರೆ ಗಾಜಿಗೆ, ನನ್ನ ಹೆಸರು ಕೈಗೆ ಬರುವ ಹಾಗಿತ್ತು. ಚೌಕಟ್ಟು, ಗಾಜು, ಮೊಳೆ ಸಮೇತ ಎದೆಗೆ ಒತ್ತಿಕೊಂಡು ಹೆಂಡತಿಯ ಜೊತೆ ಹೊರಟೆ. ದಾರಿಯಲ್ಲಿ ಜನ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಓದಿಗೆ ಇಷ್ಟು ಮರ್ಯಾದೆ ಇದೆಯಲ್ಲ ಎಂದು ನಾನು ಬೀಗುತ್ತಾ ನಡೆದೆ. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರ ಟೊಪ್ಪಿ ತೆಗೆದ.

ಕಾವಲುಗಾರ: ಯಾವಾಗ ಹೋಗಿದ್ದು ಸಾರ್?

ನಾನು: ಯಾರು?

ಕಾವಲುಗಾರ: ಫೋಟೋದಲ್ಲಿರೋರು.

ನಾನು: ಇದು ಫೋಟೋ ಅಲ್ಲಪ್ಪ, ನನ್ನ ಎಂ.ಎ. ಸರ್ಟಿಫಿಕೇಟು.

ಕಾವಲುಗಾರ: (ಟೊಪ್ಪಿ ಹಾಕಿಕೊಳ್ಳದೆ) ಅಯ್ಯೋ ಪಾಪ.

ಬ್ಯಾಂಕಿನೊಳಗೆ ಪಕ್ಕಪಕ್ಕದಲ್ಲಿ ಎರಡು ಮೇಜು. ಒಂದರ ಮೇಲೆ 'ಸಾಲ ಮನ್ನಾ' ಎಂಬ ಫಲಕ, ಇನ್ನೊಂದರ ಮೇಲೆ 'ಹೊಸ ಸಾಲ'. ಹೊಸ ಸಾಲದ ಕುರ್ಚಿ ಖಾಲಿಯಿತ್ತು. ಮನ್ನಾದ ಕುರ್ಚಿಯಲ್ಲಿ ಒಬ್ಬ ಅಧಿಕಾರಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದರು. ನಮ್ಮ ವಯಸ್ಸಿನವರೇ, ಆದರೆ ಮುಖದಲ್ಲಿ ನಮಗಿಂತ ಹೆಚ್ಚು ಸುಸ್ತು. ಅವರ ಹಿಂದಿನ ಮೂಲೆಯಲ್ಲಿ ಕುಂಡದೊಳಗೆ ಹಸಿರು ಗಿಡವೊಂದಿತ್ತು. ನಾನು ಚೌಕಟ್ಟನ್ನು ಮೇಜಿನ ಮೇಲಿಟ್ಟೆ.

ಅಧಿಕಾರಿ: ಏನ್ರೀ ಇದು?

ಅವಳು: ಮೂಲ ಪ್ರತಿ ತನ್ನಿ ಅಂದಿದ್ರಲ್ಲ ಸಾರ್.

ಅಧಿಕಾರಿ: ಮೊಳೆ ಸಮೇತ ತನ್ನಿ ಅಂದಿರ್ಲಿಲ್ಲ. ಆಯ್ತು, ಕೆಳಗಿಡಿ, ಮೇಜು ಗೀರಾಗುತ್ತೆ. ಹೇಳಿ, ಪದವಿಯಿಂದ ಏನಾದ್ರೂ ಉಪಯೋಗ ಆಯ್ತಾ?

ನಾನು: ಉಪಯೋಗ ಇಲ್ಲ ಸಾರ್.

ಅಧಿಕಾರಿ: ಅದಕ್ಕೆ ಸಂಬಂಧಪಟ್ಟ ಕೆಲಸ ಯಾವತ್ತಾದ್ರೂ ಸಿಕ್ಕಿತ್ತಾ?

ನಾನು: ಉಪಯೋಗ ಇಲ್ಲ ಸಾರ್.

ಅಧಿಕಾರಿ: ಈಗ ಎಲ್ಲಿ ವಾಸ?

ನಾನು: ಉಪಯೋಗ ಇಲ್ಲ ಸಾರ್.

ಮೇಜಿನ ಕೆಳಗೆ ಹೆಂಡತಿಯ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಇಳಿಯಿತು.

ಅವಳು: ನಮ್ಮ ಲಾಂಡ್ರಿ ಹಿಂದಗಡೇನೇ ಮನೆ ಸಾರ್. ಇವರಿಗೆ ಸ್ವಲ್ಪ ಗಾಬರಿ.

ಅಧಿಕಾರಿ: ಗಾಬರಿ ಯಾಕೆ? ನಿಮ್ಮದು ಸುಲಭದ ಕೇಸು. ಲಾಂಡ್ರಿ ನಡೆಸೋರು ಅಂದ ಮೇಲೆ ಜಾಸ್ತಿ ಏನೂ ಓದಿರಲ್ಲ. ಓದೇ ಇಲ್ಲ ಅಂದ ಮೇಲೆ ಓದಿನಿಂದ ಉಪಯೋಗ ಆಗಿಲ್ಲ ಅಂತ ತಾನೇ ಅರ್ಥ? ಹಾಕ್ಬಿಡೋಣ ಮುದ್ರೆ.

ಅವರು ಮುದ್ರೆಯನ್ನು ಎತ್ತಿದ್ದರು. ಮಸಿಗೂ ಒತ್ತಿದ್ದರು. ಇನ್ನೊಂದು ಗಳಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ಮನುಷ್ಯ ತಪ್ಪು ದಾರಿ ಹಿಡಿದು ನಾನು ಹೋಗಬೇಕಿದ್ದ ಜಾಗಕ್ಕೇ ಹೊರಟಿದ್ದರು, ಸುಮ್ಮನೆ ಹಿಂದೆ ಹೋದರೆ ಸಾಕಿತ್ತು. ಆದರೆ ಕಣ್ಣೆದುರಿಗೇ ಅಂಥ ತಪ್ಪು ವಾದ! ನನ್ನ ಮೈ ತುರಿಸತೊಡಗಿತು.

ನಾನು: ತಪ್ಪು ಸಾರ್.

ಅಧಿಕಾರಿ: ಏನು ತಪ್ಪು?

ನಾನು: ಕೆಲವು ಲಾಂಡ್ರಿಯೋರು ಓದಿಲ್ಲದೆ ಇರಬಹುದು. ಅದರಿಂದ ಲಾಂಡ್ರಿಯೋರು ಯಾರೂ ಓದಿಲ್ಲ ಅಂತ ಆಗಲ್ಲ. ನಿಮ್ಮೆದುರಿಗೇ ಓದಿರೋ ಲಾಂಡ್ರಿಯೋನು ಒಬ್ಬ ಕೂತಿದಾನೆ, ಸಾಕ್ಷಿ ಬೇಕಾದ್ರೆ ಕಾಲ ಹತ್ರ ಇದೆ, ಮೊಳೆ ಸಮೇತ. ಎರಡನೇದು, ಓದೇ ಇಲ್ಲದೋನಿಗೆ ಓದಿನ ಉಪಯೋಗದ ಪ್ರಶ್ನೆನೇ ಬರಲ್ಲ. ನಾನು ಕೊಡೆನೇ ಕೊಂಡಿಲ್ಲ ಅಂದ್ರೆ, ನನ್ನ ಕೊಡೆ ಮಳೆಗೆ ಉಪಯೋಗ ಆಗ್ಲಿಲ್ಲ ಅಂತ ನೀವು ಹೇಳೋಕಾಗುತ್ತಾ? ಮೂರನೇದು—

ಹಿಮ್ಮಡಿ ಮತ್ತೆ ಬಿತ್ತು. ಈ ಸಲ ಚೌಕಟ್ಟಿನ ಗಾಜಿಗೂ ತಾಗಿ ಠಣ್ ಎಂದಿತು. ಅಧಿಕಾರಿ ಮುದ್ರೆ ಕೆಳಗಿಟ್ಟರು.

ಅಧಿಕಾರಿ: ಅಬ್ಬಬ್ಬ! ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ! ಇದನ್ನೆಲ್ಲ ಕಾಲೇಜಲ್ಲೇ ಕಲ್ತಿದ್ದಾ?

ನಾನು: (ಎದೆಯುಬ್ಬಿಸಿ) ಮೊದಲನೇ ವರ್ಷದ್ದು ಸಾರ್ ಇದು. ಎರಡನೇ ವರ್ಷದ್ದು ಕೇಳ್ಬೇಕು ನೀವು.

ಅಧಿಕಾರಿ: (ಬರೆದುಕೊಳ್ಳುತ್ತಾ) 'ಅರ್ಜಿದಾರರಿಗೆ ವಿಷಯದಲ್ಲಿ ಒಳ್ಳೆಯ ಹಿಡಿತವಿದೆ. ದಿನನಿತ್ಯದ ವ್ಯವಹಾರದಲ್ಲಿ ಬಳಸುತ್ತಾರೆ...'

ಅವಳು: ಬರೀಬೇಡಿ ಸಾರ್! ದಮ್ಮಯ್ಯ, ಅದೊಂದು ಬರೀಬೇಡಿ! ಇವರು ದಿನಾ ಬಳಸ್ತಾರೆ, ನಿಜ. ಆದ್ರೆ ಬಳಸಿದ್ದರಿಂದ ಏನಾಯ್ತು ಅಂತ ನನ್ನ ಕೇಳಿ. ಹಾಸ್ಟೆಲಿನ ಮೇಡಂ ಒಬ್ಬರಿದ್ರು. ವಾರಕ್ಕೊಂದ್ಸಲ ಅಷ್ಟೂ ಮಕ್ಕಳ ಹಾಸಿಗೆ ಬಟ್ಟೆ ನಮಗೇ ಕೊಡ್ತಿದ್ರು. ಒಂದಿನ ಬಂದು, 'ಈ ಮಸಿ ಕಲೆ ಮೊದಲು ಇರ್ಲಿಲ್ಲ' ಅಂದ್ರು. ಬೇರೆ ಯಾರಾಗಿದ್ರೂ 'ತಪ್ಪಾಯ್ತು ಮೇಡಂ' ಅಂತ ಹೇಳಿ ಇನ್ನೊಂದ್ಸಲ ಒಗೆದುಕೊಡ್ತಿದ್ರು. ಇವರು ಆಯಮ್ಮನ್ನ ಕೂರಿಸ್ಕೊಂಡು ಸಾಬೀತು ಮಾಡಿದ್ರು ಸಾರ್, ಕಲೆ ಹಳೇದು ಅಂತ. ಆಯಮ್ಮ ಒಪ್ಕೊಂಡ್ರು!

ಅಧಿಕಾರಿ: ಒಳ್ಳೇದೇ ಆಯ್ತಲ್ಲ.

ಅವಳು: ಒಪ್ಕೊಂಡು, ನಮಸ್ಕಾರ ಮಾಡಿ, ಬಟ್ಟೆಯೆಲ್ಲ ಗಂಟು ಕಟ್ಕೊಂಡು ಎದುರುಗಡೆ ಲಾಂಡ್ರಿಗೆ ಹೋದ್ರು. ಇವತ್ತಿಗೂ ಅಲ್ಲೇ ಕೊಡ್ತಾರೆ. ನಾನು ಬೆಳಿಗ್ಗೆ ಬಾಗಿಲು ತೆಗೆದ್ರೆ ಎದುರುಗಡೆ ಅದೇ ಹಾಸಿಗೆ ಬಟ್ಟೆ ಹಾರಾಡ್ತಿರುತ್ತೆ ಸಾರ್, ನೋಡ್ಕೊಂಡು ಹೇಗೆ ಸಹಿಸ್ಲಿ?

ನಾನು: ಆದ್ರೆ ಕಲೆ ಹಳೇದೇ ಆಗಿತ್ತು.

ಅವಳು: ನೋಡಿದ್ರಾ? ನೋಡಿದ್ರಾ ಸಾರ್? ಇನ್ನೂ ಅದೇ! ಇವರ ಬಾಯಿಗೆ ಹೆದರಿ ನಾನು ಈಗ ಬಟ್ಟೆ ತಗೊಳ್ಳೋವಾಗ್ಲೇ ಗಿರಾಕಿ ಕಣ್ಣೆದುರಿಗೇ ಕಲೆ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದುಬಿಡ್ತೀನಿ. ಗೆರೆ ಇದ್ರೆ ಇವರಿಗೆ ಸಾಬೀತು ಮಾಡೋಕೆ ಏನೂ ಉಳಿಯಲ್ಲ. ಇನ್ನು ಆ ಲಾಯರ್ ಕೋಟಿನ ಕಥೆ ಹೇಳ್ಲಾ?

ನಾನು: ಅದು ಬೇಡ ಕಣೇ.

ಅಧಿಕಾರಿ: ಹೇಳಿ ಹೇಳಿ.

ಅವಳು: ಒಬ್ಬರು ಲಾಯರು. 'ನಿಮ್ಮ ಅಂಗಡೀಲಿ ಇಸ್ತ್ರಿ ಪೆಟ್ಟಿಗೆ ಬಟ್ಟೆ ಮೇಲೇ ಬಿಟ್ಟು ಹೋಗ್ತೀರಂತೆ' ಅಂತ ತಮಾಷೆಗೆ ಅಂದ್ರು. ಇವರಿಗೆ ಅಷ್ಟೇ ಸಾಕಾಯ್ತು. 'ಅದು ಸಾಧ್ಯನೇ ಇಲ್ಲ' ಅಂತ ಶುರು ಮಾಡಿದ್ರು. ಲಾಯರೂ ಬಿಡ್ಲಿಲ್ಲ, ಇವರೂ ಬಿಡ್ಲಿಲ್ಲ. ಕೊನೆಗೆ ಲಾಯರೇ ಸೋತು ಕೈ ಮುಗಿದ್ರು ಸಾರ್! ಅಷ್ಟೊತ್ತೂ ಪೆಟ್ಟಿಗೆ ಎಲ್ಲಿತ್ತು ಹೇಳಿ?

ಅಧಿಕಾರಿ: ಎಲ್ಲಿತ್ತು?

ಅವಳು: ಲಾಯರ್ ಕೋಟಿನ ಬೆನ್ನ ಮೇಲೆ. ವಾದ ಗೆದ್ದು ತಿರುಗಿ ನೋಡಿದ್ರೆ ಹೊಗೆ. ಹೊಸ ಕೋಟು ಹೊಲಿಸಿಕೊಡೋಕೆ ನನ್ನ ಬಳೆ ಹೋಯ್ತು.

ಅಧಿಕಾರಿ ನಕ್ಕರು. ನಕ್ಕು ಕೆಮ್ಮು ಬಂತು, ಕೆಮ್ಮಿ ಕಣ್ಣಲ್ಲಿ ನೀರು ಬಂತು. ಬರೆದದ್ದನ್ನು ಹೊಡೆದುಹಾಕಿ ಮುದ್ರೆ ಎತ್ತಿ ಧಪ್ಪನೆ ಒತ್ತಿದರು. 'ಪದವಿ ನಿರುಪಯುಕ್ತ. ಸಾಲ ಮನ್ನಾ.'

ಗೆದ್ದೆವು. ಆದರೆ ನನಗೆ ನಿಜವಾಗಿಯೂ ನೋವಾಯಿತು. ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಷ್ಟು ವರ್ಷ ನಾನು ಗೆದ್ದ ವಾದಗಳನ್ನೆಲ್ಲ ಅವಳು ನಷ್ಟದ ಲೆಕ್ಕದಲ್ಲಿ ಇಟ್ಟುಕೊಂಡು ಬಂದಿದ್ದಳೆಂದು ನನಗೆ ಗೊತ್ತಿರಲಿಲ್ಲ. ಬಳೆಯ ವಿಷಯವಂತೂ ಗೊತ್ತೇ ಇರಲಿಲ್ಲ. ಕಳೆದುಹೋಯಿತು ಎಂದಿದ್ದಳು, ನಾನು ನಂಬಿದ್ದೆ. ತರ್ಕಶಾಸ್ತ್ರದ ಎಂ.ಎ.!

ಅಧಿಕಾರಿ: ನಿಮ್ಮದು ಪುಣ್ಯ ಕಣ್ರೀ. ನಾನೂ ಸಾಲ ಮಾಡಿ ಓದಿದೋನೇ. ಸಸ್ಯಶಾಸ್ತ್ರ. ನಾನೂ ಮನ್ನಾಕ್ಕೆ ಅರ್ಜಿ ಹಾಕಿದ್ದೆ. 'ಡಿಗ್ರಿ ಇದ್ದಿದ್ದಕ್ಕೆ ತಾನೆ ಬ್ಯಾಂಕ್ ಕೆಲಸ ಸಿಕ್ಕಿದ್ದು, ಉಪಯೋಗ ಆಗಿದೆ' ಅಂತ ವಾಪಸ್ ಕಳಿಸಿದ್ರು. ಸಸ್ಯಶಾಸ್ತ್ರ ಓದಿ ನಾನಿಲ್ಲಿ ಏನು ಮಾಡ್ತಿದ್ದೀನಿ ಹೇಳಿ? ಇಡೀ ಬ್ಯಾಂಕಲ್ಲಿ ಇರೋದು ಒಂದೇ ಗಿಡ, ನನ್ನ ಹಿಂದೆ. ಮುಟ್ಟಿ ನೋಡಿ.

ಮುಟ್ಟಿ ನೋಡಿದೆ. ಪ್ಲಾಸ್ಟಿಕ್.

ಅವಳು: ಅಯ್ಯೋ. ಸಾರ್, ಹೊಸ ಸಾಲಕ್ಕೆ ಅಲ್ಲಿ ಕೂರೋರು ಯಾವಾಗ ಬರ್ತಾರೆ?

ಅಧಿಕಾರಿ: ಅವರು ರಜೆ. ಅದನ್ನೂ ನಾನೇ ನೋಡ್ಬೇಕು. ಬನ್ನಿ.

ಅವರು ಎದ್ದು, ಪೆನ್ನು ಮುದ್ರೆ ಕರವಸ್ತ್ರ ಎಲ್ಲ ಎತ್ತಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು. ನಾವೂ ಎದ್ದು ಪಕ್ಕದ ಬೆಂಚಿಗೆ ಜರುಗಿದೆವು. ನಾನು ಚೌಕಟ್ಟನ್ನೂ ಜರುಗಿಸಿದೆ. ಅವರು ಗಂಟಲು ಸರಿಮಾಡಿಕೊಂಡು, ನಮ್ಮನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು.

ಅಧಿಕಾರಿ: ಹೇಳಿ, ಏನಾಗ್ಬೇಕಿತ್ತು? ಮನೇಲಿ ಹಳೇ ಸಾಲ ಏನಾದ್ರೂ ಇದೆಯಾ?

ಅವಳು: ಈಗ ತಾನೆ ನೀವೇ ಮನ್ನಾ ಮಾಡಿದ್ರಲ್ಲ ಸಾರ್!

ಅಧಿಕಾರಿ: ಅದು ಆ ಕುರ್ಚಿ ಅಮ್ಮಾ. ಅಲ್ಲಿ ನಡೆದಿದ್ದು ಈ ಕುರ್ಚಿಗೆ ಗೊತ್ತಿರಲ್ಲ. ಎಲ್ಲಾನೂ ಹೊಸದಾಗೇ ಕೇಳ್ಬೇಕು, ಹಾಗಿದೆ ನಮ್ಮ ಪದ್ಧತಿ. ಎಲ್ಲಿ ಹುಡುಗಿ?

ಹುಡುಗಿ ಅಷ್ಟರಲ್ಲಿ ಏದುಸಿರು ಬಿಡುತ್ತಾ ಒಳಗೆ ಬಂದಳು. ನಮ್ಮ ಮಗಳು. ಕಾಲೇಜಿನಿಂದ ನೇರವಾಗಿ ಬಂದಿದ್ದಳು. ಮೊದಲು ಅಮ್ಮನ ಮುಖ ನೋಡಿದಳು, ಅಮ್ಮ ತಲೆಯಾಡಿಸಿದಳು. ಆಮೇಲೆ ನನ್ನ ಮುಖ ನೋಡಿದಳು, ನೋಡಿ ಬೇಗ ಬೇರೆ ಕಡೆ ತಿರುಗಿದಳು.

ಅಧಿಕಾರಿ: ಯಾವ ವಿಷಯ ಓದ್ತೀಯಮ್ಮ?

ಮಗಳು: ತರ್ಕಶಾಸ್ತ್ರ ಸಾರ್.

ಚೌಕಟ್ಟು ನನ್ನ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಆ ಕಾಲು ಅದಾಗಲೇ ಹೆಂಡತಿಯಿಂದ ಮರಗಟ್ಟಿದ್ದರಿಂದ ಏನೂ ಅನ್ನಿಸಲಿಲ್ಲ.

ನಾನು: ಏನಂದೆ? ಲೆಕ್ಕಪತ್ರ ಅಲ್ವಾ?

ಮಗಳು: ಅಲ್ಲ ಅಪ್ಪ. ನೀವು ಓದಿದ್ದೇ.

ನಾನು: (ಹೆಂಡತಿಗೆ) ನಿನಗೆ ಗೊತ್ತಿತ್ತಾ?

ಅವಳು: ಗೊತ್ತಿತ್ತು. ಹೇಳಿದ್ರೆ ನೀವು ಬೀದೀಲೇ ಕುಣಿದುಬಿಡ್ತಿದ್ರಿ. ಆಮೇಲೆ ಇಲ್ಲಿ ಬಂದು 'ಉಪಯೋಗ ಇಲ್ಲ' ಅನ್ನೋಕೆ ನಿಮ್ಮ ಬಾಯಿ ಬರ್ತಿತ್ತಾ?

ಬರುತ್ತಿರಲಿಲ್ಲ. ನನ್ನ ಕಣ್ಣು ತುಂಬಿಕೊಂಡಿತು. ಇಷ್ಟು ದೊಡ್ಡ ಸಂತೋಷ ನನಗೆ ಪದವಿ ಬಂದ ದಿನವೂ ಆಗಿರಲಿಲ್ಲ. ಆದರೆ ಅಧಿಕಾರಿಯ ಪೆನ್ನು ನಿಂತುಬಿಟ್ಟಿತ್ತು.

ಅಧಿಕಾರಿ: ಅಮ್ಮಾ, ಈ ಕೋರ್ಸಿನಿಂದ ಏನು ಉಪಯೋಗ ಅಂತ ನಾನಿಲ್ಲಿ ಬರೀಬೇಕು. ಏನೂಂತ ಬರೀಲಿ?

ಅವಳು: ಬಹಳ ಉಪಯೋಗ ಇದೆ ಸಾರ್.

ಅಧಿಕಾರಿ: ಬಹಳನಾ?

ಅವಳು: ಬಹಳ ಸಾರ್. ತಲೆ ಚುರುಕಾಗುತ್ತೆ. ಈಗ ನಮ್ಮ ಅಂಗಡೀನೇ ತಗೊಳ್ಳಿ. ಕಲೆ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೀತೀವಿ. ಎಂಥಾ ಉಪಾಯ! ಅದು ಬಂದಿದ್ದೇ ಇವರ ತರ್ಕದಿಂದ.

ಅಧಿಕಾರಿ: ಅದು ಇವರ ತರ್ಕದಿಂದ ತಪ್ಪಿಸ್ಕೊಳ್ಳೋಕೆ ಅಂತ ಈಗ ತಾನೆ ಹೇಳಿದ್ರಿ.

ಅವಳು: ಆ ಕುರ್ಚಿಯಲ್ಲಿ ಹೇಳಿದ್ದು ಈ ಕುರ್ಚಿಗೆ ಗೊತ್ತಿರಲ್ಲ ಅಂದ್ರಲ್ಲ ಸಾರ್!

ಅಧಿಕಾರಿ: ಕುರ್ಚಿಗೆ ಗೊತ್ತಿರಲ್ಲ, ಕಿವಿಗೆ ಗೊತ್ತಿರುತ್ತೆ!

ಅವಳು: ಒಬ್ಬ ಲಾಯರನ್ನೇ ವಾದದಲ್ಲಿ ಸೋಲಿಸಿದಾರೆ ಸಾರ್ ಇವರು. ಲಾಯರನ್ನೇ! ಕೈ ಮುಗಿಸ್ಕೊಂಡಿದಾರೆ!

ಅಧಿಕಾರಿ: ಕೋಟು?

ಅವಳು: ಕೋಟಿನ ಮಾತು ಯಾಕೆ ಸಾರ್ ಈಗ? ಕೋಟು ಎಷ್ಟಾದ್ರೂ ಸಿಗುತ್ತೆ.

ಅಧಿಕಾರಿ: ನೋಡಿ ಅಮ್ಮಾ, ನನ್ನ ಕಷ್ಟ ಅರ್ಥ ಮಾಡ್ಕೊಳ್ಳಿ. ಇಲ್ಲಿ 'ಉಪಯೋಗ ಇದೆ' ಅಂತ ಬರೆದ್ರೆ ಅಲ್ಲಿ ಹಾಕಿದ ಮುದ್ರೆ ಸುಳ್ಳಾಗುತ್ತೆ, ಅದನ್ನ ಹರಿದುಹಾಕ್ಬೇಕು. ಅದನ್ನ ಉಳಿಸ್ಕೊಂಡ್ರೆ ಇದನ್ನ ಕೊಡೋಕಾಗಲ್ಲ. ಒಂದೇ ಮನೆ, ಒಂದೇ ವಿಷಯ. ಮೇಲಿನೋರು ಕೇಳಿದ್ರೆ ನಾನೇನು ಹೇಳ್ಲಿ? ಯಾವುದಾದ್ರೂ ಒಂದು ಆರಿಸ್ಕೊಳ್ಳಿ.

ಹಳೇ ಸಾಲ ಉಳಿದರೆ ಹೊಸ ಸಾಲ ಇಲ್ಲ. ಹೊಸ ಸಾಲ ಬೇಕೆಂದರೆ ಹಳೇದು ತಿರುಗಿ ಬರುತ್ತದೆ. ಯಾವುದನ್ನು ಆರಿಸಿಕೊಂಡರೂ ಮಗಳ ಸೀಟು ಹೋಗುವುದು ಖಂಡಿತ. ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಬಾಗಿಲಲ್ಲಿ ಕಾವಲುಗಾರ ಗಡಿಯಾರ ನೋಡಿ ಕೊಂಡಿಗೆ ಕೈ ಹಾಕಿದ್ದ. ಹೆಂಡತಿ ನನ್ನ ಕಡೆ ತಿರುಗಿದಳು. ನನ್ನ ಕಾಲ ಮೇಲಿಂದ ಅವಳ ಕಾಲು ನಿಧಾನವಾಗಿ ಮೇಲೆದ್ದಿತು.

ಅವಳು: ಮಾತಾಡ್ರೀ.

ನಾನು: ನಾನಾ?

ಅವಳು: ನೀವೇ. ಎಷ್ಟು ಬೇಕೋ ಅಷ್ಟು ವಾದ ಮಾಡಿ. 'ಯಾಕಂದ್ರೆ' ಅನ್ನಿ, 'ಎರಡನೇದು' ಅನ್ನಿ, 'ಮೂರನೇದು' ಅನ್ನಿ. ನಾನು ಬೇಡ ಅನ್ನಲ್ಲ.

ಮದುವೆಯಾದ ಮೇಲೆ ಅವಳ ಬಾಯಿಂದ ನಾನು ಕೇಳಿದ ಅತ್ಯಂತ ಮಧುರವಾದ ಮಾತು ಅದು. ಎದ್ದು ನಿಂತೆ. ಅಂಗಿ ಎಳೆದು ಸರಿಮಾಡಿಕೊಂಡೆ. ಇಡೀ ಬ್ಯಾಂಕು ನನ್ನನ್ನೇ ನೋಡುತ್ತಿತ್ತು. ತರ್ಕಶಾಸ್ತ್ರದ ಪರವಾಗಿ ಮಾತಾಡಲು ನಾನು ಯೌವನದಿಂದ ಕಾದಿದ್ದ ಗಳಿಗೆ. ಕೈ ಮೇಲೆತ್ತಿ ಬಾಯಿ ತೆರೆದೆ.

ನಾನು: ಉಪಯೋಗ ಇಲ್ಲ ಸಾರ್.

ಬೆಳಿಗ್ಗೆಯಿಂದ ಉರುಹೊಡೆದದ್ದು, ಅದೊಂದೇ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ನಾನು ಕೈ ಕೆಳಗಿಳಿಸಿ ಕೂತೆ. ಭೂಮಿ ಬಾಯಿಬಿಟ್ಟಿದ್ದರೆ ಚೌಕಟ್ಟು ಸಮೇತ ಒಳಗೆ ಹೋಗುತ್ತಿದ್ದೆ. ಆಗ ಮಗಳು ಮುಂದೆ ಬಂದಳು.

ಮಗಳು: ಸಾರ್, ಒಂದು ಮಾತು. ಆ ಕುರ್ಚಿಯಲ್ಲಿ ನೀವು ಕೇಳಿದ್ದೇನು? ಸಾಲ ತಗೊಂಡೋರಿಗೆ ಉಪಯೋಗ ಆಯ್ತಾ ಅಂತ. ಅಷ್ಟೇ ತಾನೆ?

ಅಧಿಕಾರಿ: ಹೌದು. ಹಾಗೇ ಇರೋದು.

ಮಗಳು: ಅಪ್ಪನಿಗೆ ಉಪಯೋಗ ಆಗ್ಲಿಲ್ಲ. ಆ ಮುದ್ರೆ ಸರಿಯಾಗೇ ಇದೆ. ಉಪಯೋಗ ಆಗಿದ್ದು ನನಗೆ.

ಅಧಿಕಾರಿ: ನಿನಗಾ? ಹೇಗಮ್ಮ?

ಮಗಳು: ಚಿಕ್ಕೋಳಿದ್ದಾಗ ಶಾಲೆಯಿಂದ ಬಂದು 'ಆ ಹುಡುಗಿ ನನ್ನ ಪೆನ್ಸಿಲ್ ಕದ್ದಿದಾಳೆ' ಅಂದ್ರೆ, ಅಪ್ಪ ಇಸ್ತ್ರಿ ಮಾಡ್ತಾನೇ 'ನೀನು ನೋಡಿದ್ಯಾ, ಇಲ್ಲಾ ಅಂದ್ಕೊಂಡ್ಯಾ?' ಅಂತ ಕೇಳ್ತಿದ್ರು. ಟೀಚರ್ ಹೇಳಿದ್ರು ಅಂದ್ರೆ 'ಅವರಿಗೆ ಹೇಗೆ ಗೊತ್ತಾಯ್ತು?' ಅಂತಿದ್ರು. ನನಗೆ ಅಳು ಬರೋದು. ಆಮೇಲಾಮೇಲೆ ನಾನೇ ಕೇಳ್ಕೊಳ್ಳೋಕೆ ಶುರು ಮಾಡ್ದೆ. ಇವತ್ತಿಗೂ ನನ್ನ ಯಾರೂ ಅಷ್ಟು ಸುಲಭವಾಗಿ ಯಾಮಾರಿಸೋಕಾಗಲ್ಲ ಸಾರ್. ಅಪ್ಪ ಓದಿದ್ದೆಲ್ಲಾನೂ ನನ್ನ ಮೇಲೇ ಖರ್ಚು ಮಾಡ್ಬಿಟ್ಟಿದಾರೆ. ಅವರ ಹತ್ರ ಏನೂ ಉಳಿದಿಲ್ಲ, ನೋಡಿದ್ರಲ್ಲ ಈಗ ತಾನೆ? ಆ ಕುರ್ಚಿ ಹೇಳಿದ್ದೂ ನಿಜ, ಈ ಕುರ್ಚಿ ಬರೀಬೇಕಾಗಿದ್ದೂ ನಿಜ. ಒಂದಕ್ಕೊಂದು ಎಲ್ಲಿ ಅಡ್ಡ ಬರುತ್ತೆ?

ಅಧಿಕಾರಿ ಎರಡೂ ಕುರ್ಚಿಗಳನ್ನು ನೋಡಿದರು. ಹಿಂದಿನ ಪ್ಲಾಸ್ಟಿಕ್ ಗಿಡವನ್ನೂ ಒಮ್ಮೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

ಅಧಿಕಾರಿ: ಬರೀತೀನಮ್ಮ. 'ಈ ಕೋರ್ಸಿನಿಂದ ಉಪಯೋಗವಿದೆ. ಓದಿದವರಿಗಲ್ಲದಿದ್ದರೆ ಅವರ ಮಕ್ಕಳಿಗೆ.' ನನಗೂ ಒಬ್ಬ ಮಗ ಇದಾನೆ. ಇವತ್ತು ಮನೆಗೆ ಹೋಗಿ ಅವನಿಗೆ ಒಂದು ಗಿಡ ಆದ್ರೂ ತೋರಿಸ್ತೀನಿ.

ಮುದ್ರೆ ಬಿತ್ತು. ಹೆಂಡತಿ ಮಗಳನ್ನು ತಬ್ಬಿಕೊಂಡಳು. ಆಮೇಲೆ, ಇಡೀ ಬ್ಯಾಂಕಿನ ಎದುರು, ಬಗ್ಗಿ ನನ್ನ ಚೌಕಟ್ಟನ್ನು ನೆಲದಿಂದ ಎತ್ತಿ ಸೆರಗಿನಲ್ಲಿ ಗಾಜು ಒರೆಸಿದಳು. ಅಷ್ಟು ವರ್ಷಗಳಲ್ಲಿ ಅವಳು ಅದನ್ನು ಒರೆಸಿದ್ದು ಅದೇ ಮೊದಲು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಗಿಲ ಕಡೆ ಹೆಜ್ಜೆ ಹಾಕುತ್ತಿದ್ದಂತೆ ನನ್ನ ಮೈ ತುರಿಸತೊಡಗಿತು. ಮಗಳ ವಾದದಲ್ಲಿ ಒಂದು ತೂತಿತ್ತು. ನನ್ನ ಓದಿನಿಂದ ಮಗಳಿಗೆ ಬುದ್ಧಿ ಬಂತು, ಸರಿ. ಆ ಬುದ್ಧಿಯಿಂದಲೇ ಈಗ ನನ್ನ ಸಾಲ ಮನ್ನಾ ಉಳಿಯಿತು. ಅಂದ ಮೇಲೆ ಪದವಿಯಿಂದ ಕೊನೆಗೂ ನನಗೇ ಉಪಯೋಗವಾಯಿತಲ್ಲ! ಹಾಗಿದ್ದರೆ ಆ ಮುದ್ರೆ ತಪ್ಪು. ಎಂಥ ಸೊಗಸಾದ ತೂತು! ನಾನು ತಡೆಯಲಾರದೆ ತಿರುಗಿ ನಿಂತೆ.

ನಾನು: ಸಾರ್, ಒಂದು ನಿಮಿಷ. ಇದರಲ್ಲಿ ಒಂದು—

ಎಡಗಾಲ ಮೇಲೆ ಹೆಂಡತಿಯ ಹಿಮ್ಮಡಿ ಬಿತ್ತು. ಅದೇ ಗಳಿಗೆಗೆ ಬಲಗಾಲ ಮೇಲೆ ಮಗಳದ್ದು.

ಅಧಿಕಾರಿ: ಏನೋ ಹೇಳೋಕೆ ಬಂದ್ರಿ?

ನಾನು: ಉಪಯೋಗ ಇಲ್ಲ ಸಾರ್.